ಟ್ರಾನ್ಸ್‌ಫರ್ ಮಾಡುವಾಗ ಕಾಲ್ ಕಟ್ ಆಗುತ್ತಿದ್ದರೆ ಸೆಟ್ ಬದಲಿಸಬೇಡಿ

ಶರಣು ಸರ್. ಕಲಬುರಗಿ ಗಂಜ್‌ನ ನಿಮ್ಮ ದಾಲ್ ಮಿಲ್ ಆಫೀಸಿನಲ್ಲಿ ಮುಂದಿನ ಟೇಬಲ್‌ನಿಂದ ಮಾಲೀಕರ ರೂಮಿಗೆ ಕೊಟ್ಟ ಕಾಲ್ ಅರ್ಧದಲ್ಲೇ ಕಟ್ ಆಗುತ್ತಿದೆ, ಯಾವ ಹೊಸ ಫೋನ್ ಸೆಟ್ ತರಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಹುಕ್ (ರಿಸೀವರ್ ಇಟ್ಟಾಗ ಒತ್ತಿಕೊಳ್ಳುವ ಗುಂಡಿ) ಟಕ್ ಅಂತ ಒತ್ತಿ ಎಕ್ಸ್‌ಟೆನ್ಶನ್ (ಆಫೀಸಿನೊಳಗಿನ ಫೋನ್ ನಂಬರ್) ಹೊಡೀತೀವಿ ಎಂದು ನೀವೇ ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ನಮ್ಮ ಆಫೀಸಿನಲ್ಲೂ ಎಲ್ಲರೂ ಹೀಗೇ ಮಾಡುತ್ತಿದ್ದೆವು. ಸೆಟ್ ಬದಲಿಸಿದರೂ ಕಟ್ ಆಗುವುದು ನಿಲ್ಲಲಿಲ್ಲ.

ಹುಕ್ ಬೆರಳಿನಿಂದ ಒತ್ತಿದರೆ ಒಮ್ಮೆ ಚಿಕ್ಕದಾಗಿ, ಒಮ್ಮೆ ಉದ್ದವಾಗಿ ಬೀಳುತ್ತದೆ. ಸ್ವಲ್ಪ ಜಾಸ್ತಿ ಹೊತ್ತು ಒತ್ತಿದರೆ ರಿಸೀವರ್ ಇಟ್ಟರು ಎಂದೇ ಇಪಿಎಬಿಎಕ್ಸ್ (ಆಫೀಸಿನ ಫೋನ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ತಿಳಿಯುತ್ತದೆ. ಅದರ ಬದಲು ಸೆಟ್‌ನ ಮೇಲಿನ ಫ್ಲ್ಯಾಶ್ ಬಟನ್ ಒತ್ತಿ, ಅದು ಪ್ರತಿ ಸಲ ಅಷ್ಟೇ ಹೊತ್ತು ಲೈನ್ ಕಡಿದು ಮತ್ತೆ ಜೋಡಿಸುತ್ತದೆ. ಕೆಲವು ಸೆಟ್‌ಗಳಲ್ಲಿ ಅದರ ಮೇಲೆ ಬರೀ 'ಆರ್' ಎಂದಿರುತ್ತದೆ. ಅದನ್ನು ರೀಡಯಲ್ ಅಂದುಕೊಂಡು ಯಾರೂ ಮುಟ್ಟುವುದಿಲ್ಲ.

ನಾನು ಎಲ್ಲರಿಗೂ ಕಲಿಸುವುದು ಹೀಗೆ. ಫ್ಲ್ಯಾಶ್ ಒತ್ತಿ, ಡಯಲ್ ಟೋನ್ ಕೇಳುವವರೆಗೆ ಕಾಯಿರಿ. ಟೋನ್ ಬಾರದೆ ನಂಬರ್ ಹೊಡೆಯಲೇಬೇಡಿ. ಎಕ್ಸ್‌ಟೆನ್ಶನ್ ಹೊಡೆದು, ಆ ಕಡೆಯವರು ಎತ್ತಿದ ಮೇಲೆ ಯಾರ ಕಾಲ್ ಎಂದು ಹೇಳಿ, ಆಮೇಲೆ ರಿಸೀವರ್ ಇಡಿ. ಅವರು ಎತ್ತದಿದ್ದರೆ ಮತ್ತೆ ಫ್ಲ್ಯಾಶ್ ಒತ್ತಿದರೆ ಬಹಳಷ್ಟು ಇಪಿಎಬಿಎಕ್ಸ್‌ಗಳಲ್ಲಿ ಗಿರಾಕಿ ವಾಪಸ್ ಸಿಗುತ್ತಾರೆ. ಮೊದಲು ಆಫೀಸಿನ ಮೂರು ಸೆಟ್‌ಗಳ ನಡುವೆಯೇ ಇದನ್ನು ರೂಢಿ ಮಾಡಿ. ತೊಗರಿ ಆವಕ ಜೋರಿರುವಾಗ ವ್ಯಾಪಾರಿಯ ಕಾಲ್ ಮೇಲೆ ಕಲಿಯುವುದು ಬೇಡವೇ ಬೇಡ.

ಫ್ಲ್ಯಾಶ್ ಒತ್ತಿದರೂ ಟೋನ್ ಬರದಿದ್ದರೆ ಟೈಮಿಂಗ್, ಅಂದರೆ ಲೈನ್ ಕಡಿಯುವ ಹೊತ್ತು, ಹೊಂದದಿರಬಹುದು. ಕೆಲವು ಸೆಟ್‌ಗಳಲ್ಲಿ 100, 300, 600 ಮಿಲಿಸೆಕೆಂಡ್ ಅಂತ ಆಯ್ಕೆ ಇರುತ್ತದೆ. ನಿಮ್ಮ ಇಪಿಎಬಿಎಕ್ಸ್‌ನವರನ್ನು ಕೇಳಿ ಅದಕ್ಕೆ ಹೊಂದಿಸಿ. ಹೋಲ್ಡ್ ಒತ್ತಿ ಎಕ್ಸ್‌ಟೆನ್ಶನ್ ಹೊಡೆದರೆ ಏನೂ ಆಗುವುದಿಲ್ಲ. ಸಾದಾ ಸೆಟ್‌ನ ಹೋಲ್ಡ್ ಸೆಟ್‌ನೊಳಗಿನದು, ಇಪಿಎಬಿಎಕ್ಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಮ್ಯೂಟ್ ಬೇರೆ: ನಿಮ್ಮ ಮಾತು ಅವರಿಗೆ ಕೇಳಿಸದು, ಅವರ ಮಾತು ನಿಮಗೆ ಕೇಳಿಸುತ್ತದೆ. ರಿಸೀವರ್‌ಗೆ ಕೈ ಅಡ್ಡ ಹಿಡಿದು ರೇಟ್ ಮಾತಾಡುವ ಚಾಳಿ ಬಿಡಿ ಸರ್, ಎಲ್ಲವೂ ಆ ಕಡೆ ಕೇಳಿಸುತ್ತದೆ.

ಬ್ಯಾಂಕಿಗೆ ಮಾಡಿದಾಗ 'ಒಂದು ಒತ್ತಿ' ಅಂದರೂ ತಗೊಳ್ಳುತ್ತಿಲ್ಲ ಅಂದಿರಲ್ಲ, ಸೆಟ್‌ನ ಪಕ್ಕದಲ್ಲೋ ತಳದಲ್ಲೋ ಟೋನ್-ಪಲ್ಸ್ ಸ್ವಿಚ್ ಇದೆಯಾ ನೋಡಿ. ಟೋನ್‌ಗೆ ಸರಿಸಿ. ಮೊಬೈಲ್‌ಗೆ ಹೋಗದ ಕಾಲ್‌ಗಳದು ಬೇರೆ ಕಥೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮುಂದೆ 0 ಹಾಕಲೇಬೇಕು. ಹೊರಗಿನ ಲೈನ್‌ಗೆ ನಿಮ್ಮಲ್ಲಿ 0 ಇದ್ದರೆ ಎರಡು ಸಲ 0, 9 ಇದ್ದರೆ 9 ಆದ ಮೇಲೆ 0.

ಐಪಿ ಫೋನ್ (ನೆಟ್ ಕೇಬಲ್ ಮೇಲೆ ನಡೆಯುವ ಫೋನ್) ತರುವ ಯೋಚನೆ ಇದ್ದರೆ ಅವಸರ ಬೇಡ. ಅದರಲ್ಲಿ ಟ್ರಾನ್ಸ್‌ಫರ್‌ಗೆ ಬೇರೆ ಬಟನ್ ಇರುತ್ತದೆ, ಕೆಲಸ ಸುಲಭ, ನಿಜ. ಆದರೆ ಕರೆಂಟ್ ಹೋದರೆ ಯುಪಿಎಸ್ ಇಲ್ಲದೆ ಸತ್ತಂತೆ. ಅದರ ಹಿಂಬದಿಯ ಎರಡು ಲ್ಯಾನ್ ಪೋರ್ಟ್‌ಗಳಿಗೂ ಒಂದೇ ನೆಟ್‌ವರ್ಕ್ ಸ್ವಿಚ್‌ನಿಂದ ಕೇಬಲ್ ಹಾಕಿಬಿಟ್ಟರೆ ಇಡೀ ಆಫೀಸಿನ ನೆಟ್ ಕೂತುಬಿಡಬಹುದು. ಒಂದು ಸ್ವಿಚ್‌ಗೆ, ಇನ್ನೊಂದು ಕಂಪ್ಯೂಟರ್‌ಗೆ. ರಿಂಗೇ ಆಗುತ್ತಿಲ್ಲ ಅಂದರೆ ಮೊದಲು ಡಿಎನ್‌ಡಿ (ರಿಂಗ್ ಬಾರದ ಹಾಗೆ ತಡೆಯುವ ಸೆಟ್ಟಿಂಗ್) ಆನ್ ಆಗಿದೆಯಾ ನೋಡಿ.

ಬ್ರ್ಯಾಂಡ್ ಕೇಳಿದ್ದಕ್ಕೆ ಹೇಳುತ್ತೇನೆ. ಪ್ಯಾನಸೋನಿಕ್‌ನ ಬಟನ್ ನನಗೆ ಇಷ್ಟ, ಬೀಟೆಲ್ ಕೂಡ ಸಾಕು. ಹೆಸರೇ ಇಲ್ಲದ ಅಗ್ಗದ ಸೆಟ್ ಮಾತ್ರ ತರಬೇಡಿ. ಮಿಲ್‌ನ ಧೂಳು ಹುಕ್‌ನೊಳಗೆ ಕೂತರೂ ಕಾಲ್ ತಾನಾಗಿ ಕಟ್ ಆಗುತ್ತದೆ. ಒಣ ಬ್ರಷ್‌ನಿಂದ ತೆಗೆಯಿರಿ, ನೀರು ಬೇಡ.

ಸೆಟ್ ತಿರುಗಿಸಿ, ಮಾಡೆಲ್ ನಂಬರ್ ಕಾಣುವ ಹಾಗೆ ತಳದ ಫೋಟೋ ಹಾಕಿ. ಫ್ಲ್ಯಾಶ್ ಟೈಮಿಂಗ್ ಎಲ್ಲಿ ಬದಲಿಸಬೇಕು ಎಂದು ನೋಡಿ ಹೇಳುತ್ತೇನೆ.