ಅದಕ್ಕೆ ಉಸಿರು ಕಟ್ಟಿದೆ, ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಬಂದಾಗ ನಾನು ಧಾರವಾಡದಲ್ಲಿ, ಸಪ್ತಾಪುರದ ಮನೆ ಕಟ್ಟೆ ಮೇಲೆ ಕೂತು ಆಪೂಸ್ ತಿನ್ನುತ್ತಿದ್ದೆ. ನನ್ನ ರಜೆ ಇನ್ನೂ ಎರಡು ವಾರ ಇದೆ. ನೀನು ಅಮೆರಿಕದ ಒಹಾಯೊಗೆ ಹೋಗಿ ಎರಡು ತಿಂಗಳಾಗಿಲ್ಲ, ಆಗಲೇ ಹುಲ್ಲಿನ ಕಾಟ ಶುರುವಾಗಿದೆ. "ಅಣ್ಣಾ, ಬಾಡಿಗೆ ಮನೆ ಮಾಲೀಕ ಹಳೇ ಲಾನ್ ಮೋವರ್ ಬಿಟ್ಟು ಹೋಗಿದ್ದಾನೆ. ಚಾಲೂ ಆಗುತ್ತೆ, ಕಪ್ಪು ಹೊಗೆ ಬಿಟ್ಟು ಬಂದ್ ಆಗುತ್ತೆ. ಹೊಸದು ತಗೊಳ್ಳಲಾ? ಇಲ್ಲಿ ಇದನ್ನೆಲ್ಲ ಯಾರ ಹತ್ತಿರ ಮಾಡಿಸ್ತೀರಿ?" ಅಂತ ಕೇಳಿದ್ದೀಯ.

ಹೊಸದು ಬೇಡ. ರಿಪೇರಿ ಮಾಡುವವರು ಅಲ್ಲೂ ಇದ್ದಾರೆ, ಆದರೆ ಇಂಥ ಸಣ್ಣ ಕೆಲಸಕ್ಕೆ ಸಾಮಾನಿಗಿಂತ ಕೂಲಿಯೇ ಜಾಸ್ತಿ. ಅಲ್ಲಿಗೆ ಹೋದ ಮೇಲೆ ಅರ್ಧ ಮಿಸ್ತ್ರಿ ನೀನೇ ಆಗಬೇಕು. ನಿನ್ನೆ ಹುಬ್ಬಳ್ಳಿಯಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿಗೆ ನಿನ್ನ ಕಥೆ ಹೇಳಿದೆ. ಅವರು ಹುಲ್ಲು ಕತ್ತರಿಸುವ ಮಷಿನ್ ಮುಟ್ಟಿದವರೇ ಅಲ್ಲ. ಕಪ್ಪು ಹೊಗೆ ಅಂದಿದ್ದೇ ತಡ, "ಅದಕ್ಕ ಉಸಿರು ಕಟ್ಟೇತಿ, ಫಿಲ್ಟರ್ ತಗದು ನೋಡ್ರಿ" ಅಂದರು. ಸರಿಯಾಗಿಯೇ ಹೇಳಿದರು. ಎಂಜಿನ್‌ಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಪೂರ್ತಿ ಉರಿಯದ ಪೆಟ್ರೋಲೇ ಆ ಕಪ್ಪು ಹೊಗೆ. ಹೀಗೇ ಬಿಟ್ಟರೆ ಪ್ಲಗ್ ಕೂಡ ಮಸಿ ಹಿಡಿಯುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು ಪಕ್ಕಕ್ಕೆ ಸರಿಸು. ಇದನ್ನು ಮರೆಯಬೇಡ, ಕೆಳಗಿರುವುದು ಬ್ಲೇಡು. ಆಮೇಲೆ ಎಂಜಿನ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆ. ಒಳಗೆ ಸ್ಪಂಜು ಇರಬಹುದು, ಮಡಿಕೆ ಮಡಿಕೆಯ ಪೇಪರ್ ಇರಬಹುದು, ಇಲ್ಲವೇ ಪೇಪರ್ ಮೇಲೆ ತೆಳು ಸ್ಪಂಜಿನ ಹೊದಿಕೆ ಇರಬಹುದು. ಯಾವುದು ಅಂತ ನೋಡದೆ ನೀರಿನ ಹತ್ತಿರ ಹೋಗಬೇಡ. ಅಮೆರಿಕದ ನನ್ನ ಮೊದಲ ಬೇಸಿಗೆಯಲ್ಲಿ ನಾನು ಪೇಪರ್ ಫಿಲ್ಟರನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆ! ಬಿಸಿಲಿಗೂ ಇಟ್ಟೆ. ಮಡಿಕೆಗಳೆಲ್ಲ ನೆನೆದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡು ಸೆಟೆದು ನಿಂತವು. ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ.

ಪೇಪರ್ ಆದರೆ ಗಟ್ಟಿ ಜಾಗಕ್ಕೆ ಮೆಲ್ಲಗೆ ತಟ್ಟು, ಹುಲ್ಲಿನ ಪುಡಿ ಉದುರುತ್ತದೆ. ಪಂಪಿನ ಗಾಳಿ ಜೋರಾಗಿ ಬಿಡಬೇಡ, ಪೇಪರ್ ಹರಿಯುತ್ತದೆ. ಆಮೇಲೆ ಬಲ್ಬಿಗೆ ಹಿಡಿದು ನೋಡು. ಬೆಳಕು ಕಾಣದಿದ್ದರೆ, ಎಣ್ಣೆ ಕುಡಿದಿದ್ದರೆ ಹೊಸದು ಹಾಕು.

ಸ್ಪಂಜನ್ನು ಮಾತ್ರ ತೊಳೆಯಬಹುದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್. ಬಟ್ಟೆ ಹಾಗೆ ಹಿಂಡಬೇಡ, ಅಂಗೈಯಲ್ಲಿ ಒತ್ತು. ಪೆಟ್ರೋಲಿನಲ್ಲಿ ಅದ್ದುವ ಐಡಿಯಾ ಬಂದರೆ ಅಲ್ಲೇ ಬಿಡು. ಪೂರ್ತಿ ಒಣಗಿದ ಮೇಲೆ ಎಂಜಿನ್ ಆಯಿಲ್ ಕೆಲವು ಹನಿ ಬಿಟ್ಟು, ಒತ್ತಿ ಒತ್ತಿ ಹರಡಿ, ಜಾಸ್ತಿಯಾದದ್ದನ್ನು ಬಟ್ಟೆಯಿಂದ ತೆಗೆ. ಪೇಪರ್ ಮೇಲಿನ ಹೊದಿಕೆಗೆ ಎಣ್ಣೆ ಹಾಕಬೇಕೋ ಬೇಡವೋ ಅಂತ ಮ್ಯಾನ್ಯುಯಲ್ ನೋಡು, ಎಲ್ಲದಕ್ಕೂ ಹಾಕುವುದಿಲ್ಲ.

ಎಣ್ಣೆ ಯಾಕೆ ಅಂತ ನನಗೆ ತಿಳಿದದ್ದು ನವಲಗುಂದದಲ್ಲಿ, ಸೋದರಮಾವನ ಹಳೇ ಟ್ರ್ಯಾಕ್ಟರ್ ಹತ್ತಿರ. ಅದರ ಏರ್ ಕ್ಲೀನರ್ ತಳದಲ್ಲಿ ಒಂದು ಎಣ್ಣೆ ಬಟ್ಟಲು. ಎರಿ ಹೊಲ ಉತ್ತು ಬಂದ ಮೇಲೆ ಬಿಚ್ಚಿದರೆ ಬಟ್ಟಲ ತಳದಲ್ಲಿ ಬೆರಳು ಮುಳುಗುವಷ್ಟು ಕರಿ ರಾಡಿ. ಎಂಜಿನ್‌ಗೆ ಹೋಗಬೇಕಿದ್ದ ಧೂಳೆಲ್ಲ ಅಲ್ಲೇ ಸಿಕ್ಕಿಬಿದ್ದಿತ್ತು. ನಿನ್ನ ಸ್ಪಂಜಿನಲ್ಲೂ ಅದೇ ಲೆಕ್ಕ. ಅದಕ್ಕೇ ಫಿಲ್ಟರ್ ಇಲ್ಲದೆ "ಒಂದು ರೌಂಡ್ ಓಡಿಸಿ ನೋಡೋಣ" ಅನ್ನಬೇಡ. ಆ ಧೂಳು ಸಿಲಿಂಡರ್ ಒಳಗೆ ಗೀರು ಹಾಕುತ್ತದೆ.

ಇನ್ನು ಹೊಸ ಫಿಲ್ಟರ್ ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಮೋವರ್ ಮೇಲಿನ ದೊಡ್ಡ ಹೆಸರು ನೋಡಿ ತರಬೇಡ. ಮೋವರ್ ಒಂದು ಕಂಪನಿಯದು, ಎಂಜಿನ್ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಅಥವಾ ಹೋಂಡಾದ್ದು ಇರಬಹುದು. ಫಿಲ್ಟರ್ ಸಿಗುವುದು ಎಂಜಿನ್‌ನ ಮಾಡೆಲ್ ನಂಬರ್ ಮೇಲೆ. ಎಂಜಿನ್ ಮೇಲೆ ಒತ್ತಿರುತ್ತಾರೆ, ಜಿಡ್ಡು ಒರೆಸಿದರೆ ಕಾಣುತ್ತದೆ. ಬೇರೆ ಕಂಪನಿಯ ಅಗ್ಗದ ಫಿಲ್ಟರ್ ತಗೊಂಡರೂ ನಡೆಯುತ್ತದೆ, ಅಂಚಿನ ರಬ್ಬರ್ ಸುತ್ತಲೂ ಗಟ್ಟಿಯಾಗಿ ಕೂರಬೇಕು ಅಷ್ಟೇ. ಸಂದು ಬಿಟ್ಟರೆ ಇದ್ದೂ ಇಲ್ಲದ ಹಾಗೆ.

ಎಷ್ಟು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ನೋಡಬೇಕು? ಮಷಿನ್ ಓಡಿದ 25 ಗಂಟೆಗೆ ಅಥವಾ ಸೀಸನ್‌ಗೆ ಒಮ್ಮೆ ಅನ್ನುವುದು ಸಾಮಾನ್ಯ ಲೆಕ್ಕ. ವಾರಕ್ಕೆ ಮುಕ್ಕಾಲು ಗಂಟೆ, 28 ವಾರ ಅಂದರೂ 21 ಗಂಟೆ. ಒಣ ಹುಲ್ಲು, ಧೂಳು ಜಾಸ್ತಿ ಇದ್ದರೆ ಸ್ವಲ್ಪ ಮುಂಚೆ ನೋಡು.

ಹಾಂ, ಅಡಿಯ ಹುಲ್ಲು ಕೆರೆಯಲು ಮಷಿನ್ ವಾಲಿಸುವಾಗ ಫಿಲ್ಟರ್ ಇರುವ ಬದಿ ಮೇಲೆ ಇರಲಿ. ಇಲ್ಲದಿದ್ದರೆ ಎಂಜಿನ್ ಎಣ್ಣೆ ಸೀದಾ ಹೊಸ ಫಿಲ್ಟರ್‌ಗೆ ಇಳಿಯುತ್ತದೆ. ಅದನ್ನೂ ನಾನು ಮಾಡಿ ನೋಡಿದ್ದೇನೆ.

ಇಷ್ಟಾದ ಮೇಲೂ ಕಪ್ಪು ಹೊಗೆ ಬಂದರೆ ಚೋಕ್, ಅಂದರೆ ಚಾಲೂ ಮಾಡುವಾಗ ಗಾಳಿ ತಡೆಯುವ ಮುಚ್ಚಳ, ಮುಚ್ಚಿಕೊಂಡೇ ಉಳಿದಿದೆಯಾ ನೋಡು. ಎಂಜಿನ್‌ನ ಮಾಡೆಲ್ ನಂಬರಿನ ಫೋಟೋ ಕಳಿಸು. ನಿಮ್ಮ ಅವ್ವ ಬೆಳಿಗ್ಗೆ ಬಂದು ಶೇಂಗಾ ಚಟ್ನಿ ಪುಡಿಯ ಡಬ್ಬಿ ಕೊಟ್ಟು ಹೋದರು, ಬ್ಯಾಗಿನಲ್ಲಿ ಜಾಗ ಮಾಡಿದ್ದೇನೆ.