ಮರಳಿ ಕಟ್ಟಿದ ಗ್ಲೋಬ್: ಎಷ್ಟು ಸಾಕ್ಷ್ಯ, ಎಷ್ಟು ಊಹೆ?

ಲಂಡನ್ನಿನ ಗ್ಲೋಬ್ ರಂಗಮಂದಿರವನ್ನು ಕುರಿತು ಹಲವು ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಆಯ್ದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಲಂಡನ್ನಿಗೆ ಹೋಗಿ ಬಂದ ನಮ್ಮ ಅಳಿಯ, ತಾವು ನೋಡಿದ್ದು ಷೇಕ್ಸ್‌ಪಿಯರನ ನಾಟಕಗಳು ನಡೆದ ಅದೇ ರಂಗಮಂದಿರ ಎನ್ನುತ್ತಾರೆ. ಮೂಲ ಕಟ್ಟಡ ಹದಿನೇಳನೆಯ ಶತಮಾನದಲ್ಲೇ ನಾಶವಾಯಿತೆಂದು ನಾನು ಓದಿದ್ದೇನೆ. ಹಾಗಾದರೆ ಈಗಿನದನ್ನು ಯಾವ ಆಧಾರದ ಮೇಲೆ ಕಟ್ಟಿದರು?
— ಓದುಗರು, ಧಾರವಾಡ

ಉತ್ತರ: ನೀವು ಓದಿರುವುದು ಸರಿ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ 1599ರಲ್ಲಿ ಎದ್ದ ಮೊದಲ ಗ್ಲೋಬ್, 1613ರ ಜೂನ್ 29ರಂದು ಎಂಟನೆಯ ಹೆನ್ರಿಯ ಕುರಿತ ನಾಟಕ ನಡೆಯುತ್ತಿದ್ದಾಗ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಚಾವಣಿಗೆ ತಗುಲಿ ಸುಟ್ಟುಹೋಯಿತು. ಮರುವರ್ಷ ಅದೇ ಜಾಗದಲ್ಲಿ ಹೆಂಚಿನ ಚಾವಣಿಯ ಎರಡನೆಯ ಗ್ಲೋಬ್ ಎದ್ದಿತು. 1642ರಲ್ಲಿ ಪಾರ್ಲಿಮೆಂಟು ನಾಟಕಗಳನ್ನು ನಿಷೇಧಿಸಿದ ಮೇಲೆ ಅದೂ ಮುಚ್ಚಿತು, ಕೆಲವು ವರ್ಷಗಳಲ್ಲಿ ನೆಲಸಮವಾಯಿತು. ಈಗ ಇರುವುದು 1997ರಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದ ಮೂರನೆಯ ಕಟ್ಟಡ. ಮೂಲ ಸ್ಥಳದಿಂದ ಅದು ಸುಮಾರು 230 ಮೀಟರ್ ದೂರದಲ್ಲಿದೆ. ಅಮೆರಿಕದ ನಟ ಸ್ಯಾಮ್ ವಾನಮೇಕರ್ 1949ರಲ್ಲಿ ಲಂಡನ್ನಿಗೆ ಬಂದು ಗ್ಲೋಬ್ ಎಲ್ಲಿತ್ತೆಂದು ಹುಡುಕಿದಾಗ ಅವರಿಗೆ ಸಿಕ್ಕಿದ್ದು ಗೋಡೆಯ ಮೇಲಿನ ಒಂದು ಫಲಕ ಮಾತ್ರ. 1970ರಲ್ಲಿ ಅವರು ಟ್ರಸ್ಟ್ ಸ್ಥಾಪಿಸಿ, ಬದುಕಿನ ಉಳಿದ ವರ್ಷಗಳನ್ನು ಈ ಕೆಲಸಕ್ಕೆ ಕೊಟ್ಟರು. ಕಟ್ಟಡ ಪೂರ್ತಿಯಾಗುವ ಮುನ್ನ, 1993ರಲ್ಲಿ ತೀರಿಕೊಂಡರು.

ಆಧಾರಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಧಿಕೃತತೆಯ ಪ್ರಶ್ನೆಯೆಲ್ಲ ಅಲ್ಲಿಯೇ ಇದೆ. ಮೊದಲ ಗ್ಲೋಬಿನ ನಕ್ಷೆಯಾಗಲಿ ಒಳಾಂಗಣದ ಚಿತ್ರವಾಗಲಿ ಉಳಿದಿಲ್ಲ. ಉಳಿದಿರುವುದು ಅದರ ನೆರೆಹೊರೆಯ ಸಾಕ್ಷ್ಯ. ವೆನ್ಸೆಸ್ಲಾಸ್ ಹಾಲರ್ ಎಂಬ ಚಿತ್ರಕಾರ ಹತ್ತಿರದ ಚರ್ಚಿನ ಗೋಪುರದಿಂದ ನೋಡಿ ಬರೆದ ರೇಖಾಚಿತ್ರದಲ್ಲಿ ಎರಡನೆಯ ಗ್ಲೋಬಿನ ಹೊರ ಆಕಾರ ಕಾಣುತ್ತದೆ. ಅದನ್ನು ಆಧರಿಸಿ 1647ರಲ್ಲಿ ಅಚ್ಚಾದ ದೊಡ್ಡ ಚಿತ್ರದಲ್ಲಿ ಗ್ಲೋಬಿನ ಹೆಸರೂ ಪಕ್ಕದ ಕರಡಿ ಕಾಳಗದ ಅಂಗಳದ ಹೆಸರೂ ಅದಲುಬದಲಾಗಿವೆ. ಜೊಹಾನೆಸ್ ಡಿ ವಿಟ್ ಎಂಬ ಡಚ್ ಪ್ರವಾಸಿ 1596ರ ಸುಮಾರಿಗೆ ಸ್ವಾನ್ ಎಂಬ ಇನ್ನೊಂದು ರಂಗಮಂದಿರದ ಒಳನೋಟವನ್ನು ಬರೆದಿದ್ದ. ಮೂಲ ಕಳೆದುಹೋಗಿ, ಅವನ ಗೆಳೆಯ ಮಾಡಿಕೊಂಡ ಪ್ರತಿ ಮಾತ್ರ ಉಳಿದಿದೆ. ಗ್ಲೋಬನ್ನು ಕಟ್ಟಿದ ಬಡಗಿ ಪೀಟರ್ ಸ್ಟ್ರೀಟನೇ 1600ರಲ್ಲಿ ಫಾರ್ಚೂನ್ ರಂಗಮಂದಿರವನ್ನು ಕಟ್ಟಲು ಮಾಡಿಕೊಂಡ ಕರಾರುಪತ್ರವೂ ಇದೆ. ಅದರಲ್ಲಿ ರಂಗಮಂಚದ ಅಗಲ 43 ಅಡಿ ಎಂಬಂಥ ಅಳತೆಗಳಿವೆ, ಆದರೆ ಹಲವು ಮುಖ್ಯ ವಿವರಗಳ ಜಾಗದಲ್ಲಿ ‘ಗ್ಲೋಬಿನಲ್ಲಿ ಇರುವಂತೆಯೇ’ ಎಂಬ ಅರ್ಥದ ಮಾತು ಮಾತ್ರ ಬರುತ್ತದೆ. ಅಂದು ಅದು ಎಲ್ಲರ ಕಣ್ಣೆದುರಿಗೇ ಇದ್ದುದರಿಂದ ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ.

1989ರಲ್ಲಿ ನೆಲ ಅಗೆದಾಗ ಮೊದಲು ರೋಸ್ ರಂಗಮಂದಿರದ ತಳಪಾಯವೂ, ಅದೇ ವರ್ಷ ಗ್ಲೋಬಿನ ತಳಪಾಯದ ಒಂದು ಸಣ್ಣ ತುಣುಕೂ ಬೆಳಕಿಗೆ ಬಂದವು. ಗ್ಲೋಬಿನ ಉಳಿದ ಭಾಗ ಹತ್ತೊಂಬತ್ತನೆಯ ಶತಮಾನದ ಕಟ್ಟಡವೊಂದರ ಅಡಿಯಲ್ಲಿದೆ. ಅದೂ ಕಾನೂನಿನ ರಕ್ಷಣೆ ಪಡೆದ ಕಟ್ಟಡವಾದ್ದರಿಂದ ಒಂದು ಚರಿತ್ರೆಯನ್ನು ಕೆಡವದೆ ಇನ್ನೊಂದನ್ನು ಅಗೆಯುವಂತಿಲ್ಲ. ಸಿಕ್ಕ ತುಣುಕಿನ ಕೋನವನ್ನು ಹಾಲರನ ಚಿತ್ರದ ಲೆಕ್ಕದೊಂದಿಗೆ ಹೊಂದಿಸಿ, ಕಟ್ಟಡಕ್ಕೆ ಇಪ್ಪತ್ತು ಮುಖ, ಸುಮಾರು 99 ಅಡಿ ವ್ಯಾಸ ಎಂದು ವಿದ್ವಾಂಸರು ತೀರ್ಮಾನಿಸಿದರು. ಆ ತೀರ್ಮಾನವೂ ಅವಿರೋಧವಾಗಿರಲಿಲ್ಲ. ಸಭೆಯಲ್ಲಿ ಮತ ಹಾಕಿ ನಿರ್ಧರಿಸಬೇಕಾಯಿತು. ಮೂಲ ಕಟ್ಟಡ ಇದಕ್ಕಿಂತ ಚಿಕ್ಕದಾಗಿ, ಕಡಿಮೆ ಮುಖಗಳಿಂದ ಕೂಡಿತ್ತು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆದ್ದರಿಂದ ನಿಮ್ಮ ಅಳಿಯನವರು ನೋಡಿದ್ದು, ಸಾಕ್ಷ್ಯ ಇದ್ದ ಕಡೆ ಸಾಕ್ಷ್ಯವನ್ನೂ ಇಲ್ಲದ ಕಡೆ ತರ್ಕವನ್ನೂ ಅನುಸರಿಸಿ, ಶ್ರದ್ಧೆಯಿಂದ ಕಟ್ಟಿದ ಒಂದು ಊಹೆ. ಆ ಊಹೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದನ್ನು ಮೂಲವೆಂದು ಕರೆದರೆ ಮಾತ್ರ ಅದನ್ನು ಕಟ್ಟಿದವರ ಪ್ರಾಮಾಣಿಕತೆಗೆ ನಾವು ಅನ್ಯಾಯ ಮಾಡಿದಂತಾಗುತ್ತದೆ.

ಪ್ರಶ್ನೆ: ಓಕ್ ಮರ, ಜೊಂಡುಹುಲ್ಲು, ಸುಣ್ಣದ ಗಾರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಕಟ್ಟಡದ ಚಾವಣಿಯಲ್ಲಿ ಬೆಂಕಿ ಆರಿಸುವ ನೀರಿನ ಕೊಳವೆಗಳಿವೆಯಂತೆ. ಇದು ರಾಜಿಯಲ್ಲವೇ?
— ಓದುಗರು, ಮೈಸೂರು

ಉತ್ತರ: ರಾಜಿಯೇ ಹೌದು, ಆದರೆ ಮಾಡಲೇಬೇಕಾಗಿದ್ದ ರಾಜಿ. 1666ರ ಮಹಾ ಅಗ್ನಿದುರಂತದ ನಂತರ ಲಂಡನ್ನಿನ ನಡುಭಾಗದಲ್ಲಿ ಹುಲ್ಲಿನ ಚಾವಣಿಗೆ ದೊರೆತ ಮೊದಲ ಅನುಮತಿ ಇದು ಎನ್ನುತ್ತಾರೆ. ಮೊದಲ ಗ್ಲೋಬ್ ಹೊತ್ತಿ ಉರಿದಾಗ ಹೊರಬರಲು ಇದ್ದದ್ದು ಎರಡೇ ಇಕ್ಕಟ್ಟಾದ ಬಾಗಿಲು. ಅದನ್ನು ಹಾಗೆಯೇ ಅನುಕರಿಸಲು ಯಾವ ನಗರಾಡಳಿತವೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮೂಲದಲ್ಲಿ ಸುಮಾರು 3,000 ಜನ ಕಿಕ್ಕಿರಿದು ಸೇರುತ್ತಿದ್ದ ಜಾಗದಲ್ಲಿ ಈಗ ಸುಮಾರು 1,500 ಜನರಿಗಷ್ಟೇ ಪ್ರವೇಶ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ರಂಗಮಂಚದ ಎರಡು ಕಂಬಗಳ ವಿಷಯ. ಉದ್ಘಾಟನೆಗೆ ಮುಂಚೆ ತಾತ್ಕಾಲಿಕ ರಂಗಮಂಚದ ಮೇಲೆ ಪ್ರಯೋಗಗಳು ನಡೆದಾಗ, ಕಂಬಗಳು ನಿಂತ ಜಾಗ ಅಭಿನಯಕ್ಕೆ ಅಡ್ಡಿಯಾಗುತ್ತದೆ ಎಂದು ರಂಗಕರ್ಮಿಗಳು ಆಕ್ಷೇಪಿಸಿದರು. ಆಮೇಲೆ ಅವುಗಳ ಸ್ಥಾನ ಬದಲಾಯಿತು. ಇಂದಿನ ನಟರಿಗೆ ತೊಡಕೆನಿಸಿದ್ದು ಅಂದಿನ ನಟರಿಗೂ ತೊಡಕಾಗಿತ್ತೆಂದು ಹೇಗೆ ಹೇಳುವುದು? ಕಂಬದ ಮರೆಯನ್ನು ಬಳಸಿಕೊಂಡು ಕದ್ದು ಕೇಳುವ, ಅಡಗಿ ನಿಲ್ಲುವ ದೃಶ್ಯಗಳನ್ನು ಅವರು ಕಟ್ಟಿದ್ದಿರಲೂಬಹುದು. ನೀರಿನ ಕೊಳವೆಯ ರಾಜಿ ಕಣ್ಣಿಗೆ ಬೀಳುವಂಥದು, ಅದು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ನಮ್ಮ ಕಾಲದ ರುಚಿ ಸದ್ದಿಲ್ಲದೆ ಹಳೆಯ ಕಟ್ಟಡದೊಳಕ್ಕೆ ಸೇರಿಕೊಂಡಾಗ ಮಾತ್ರ, ಮುಂದಿನವರು ಅದನ್ನೇ ಚರಿತ್ರೆಯೆಂದು ಓದುವ ಅಪಾಯವಿದೆ.

ಪ್ರಶ್ನೆ: ಅಲ್ಲಿ ಹೆಣ್ಣುಪಾತ್ರಗಳನ್ನು ಗಂಡಸರೇ ಮಾಡಿದ ಪ್ರದರ್ಶನಗಳನ್ನು ‘ಮೂಲ ಪದ್ಧತಿ’ ಎಂದು ಕರೆದರಂತೆ. ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷ ಸಹಜವಾಗಿಯೇ ನಡೆದು ಬಂದಿದೆ. ಎರಡೂ ಒಂದೇ ಎನ್ನಬಹುದೇ?
— ಓದುಗರು, ಉಡುಪಿ

ಉತ್ತರ: ಒಂದೇ ಎನ್ನಲಾಗದು, ಮತ್ತು ನಿಮ್ಮ ಪ್ರಶ್ನೆ ಈ ಚರ್ಚೆಯ ಮರ್ಮವನ್ನೇ ಮುಟ್ಟುತ್ತದೆ. ಗ್ಲೋಬಿನ ಮೊದಲ ಕಲಾ ನಿರ್ದೇಶಕ ಮಾರ್ಕ್ ರೈಲನ್ಸ್ ಅವರ ಕಾಲದಲ್ಲಿ ಕೈಹೊಲಿಗೆಯ ಉಡುಪು, ಆ ಕಾಲದ ವಾದ್ಯಗಳು, ಗಂಡಸರೇ ಇರುವ ತಂಡ ಇವೆಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿದರು. 2002ರಲ್ಲಿ ಆಡಿದ ‘ಟ್ವೆಲ್ಫ್ತ್ ನೈಟ್’ನಲ್ಲಿ ರೈಲನ್ಸ್ ತಾವೇ ಒಲಿವಿಯಾ ಎಂಬ ಹೆಣ್ಣುಪಾತ್ರ ಮಾಡಿದರು, ಆಗ ಅವರಿಗೆ ನಲವತ್ತು ದಾಟಿತ್ತು. ಷೇಕ್ಸ್‌ಪಿಯರನ ತಂಡದಲ್ಲಾದರೋ ನಾಯಕಿಯ ಪಾತ್ರಗಳನ್ನು ಮಾಡುತ್ತಿದ್ದವರು ಹಿರಿಯ ನಟರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಹುಡುಗರು. ಗಂಡಸರು ಎಂಬ ಒಂದು ಅಂಶ ಸರಿಹೊಂದಿತು. ವಯಸ್ಸು, ಕಂಠ, ಗುರುಶಿಷ್ಯ ಸಂಬಂಧ ಯಾವುದೂ ಹೊಂದಲಿಲ್ಲ. ಪ್ರದರ್ಶನ ಬಹಳ ಮೆಚ್ಚುಗೆ ಗಳಿಸಿತು, ಅದು ಬೇರೆ ಮಾತು.

ಯಕ್ಷಗಾನದ ಸ್ತ್ರೀವೇಷಧಾರಿ ರಂಗಕ್ಕೆ ಬಂದಾಗ ಪ್ರೇಕ್ಷಕರು ಗಮನಿಸುವುದು ಅವರ ಹೆಜ್ಜೆಯನ್ನು, ಮಾತಿನ ಹದವನ್ನು. ಅದು ಗಂಡಸೆಂಬ ಸಂಗತಿ ಯಾರನ್ನೂ ಅಚ್ಚರಿಗೊಳಿಸುವುದಿಲ್ಲ, ಏಕೆಂದರೆ ಆ ಪದ್ಧತಿ ಕಡಿದುಹೋಗದೆ ಹರಿದು ಬಂದಿದೆ. ಇಂಗ್ಲೆಂಡಿನಲ್ಲಿ 1660ರಲ್ಲಿ ರಂಗಮಂದಿರಗಳು ಮತ್ತೆ ತೆರೆದ ಮೇಲೆ ಹೆಂಗಸರು ರಂಗಕ್ಕೆ ಬಂದರು, ಹಳೆಯ ಪದ್ಧತಿ ಅಲ್ಲಿಗೆ ನಿಂತಿತು. ಮುನ್ನೂರು ವರ್ಷಗಳಿಗೂ ಮೀರಿದ ಬಿಡುವಿನ ನಂತರ ಅದನ್ನು ಮರಳಿ ತಂದಾಗ, ಅಂದು ಯಾರೂ ಲೆಕ್ಕಕ್ಕಿಡದಿದ್ದ ಸಂಗತಿಯೇ ಇಂದು ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಉಡುಪನ್ನು ಎಳೆಎಳೆಯಾಗಿ ಮರಳಿ ಹೊಲಿಯಬಹುದು, ಪ್ರೇಕ್ಷಕನ ಅಭ್ಯಾಸವನ್ನು ಹಾಗೆ ಹೊಲಿಯಲಾಗದು.

ಮರಳಿ ತರದೆ ಬಿಟ್ಟ ಪದ್ಧತಿಗಳನ್ನೂ ಗಮನಿಸಬೇಕು. ಅಂದಿನ ತಂಡಗಳು ವಾರದ ದಿನಗಳಲ್ಲಿ ಒಂದೊಂದು ಮಧ್ಯಾಹ್ನ ಒಂದೊಂದು ನಾಟಕ ಆಡುತ್ತಿದ್ದವು. ನಟನಿಗೆ ಇಡೀ ನಾಟಕದ ಪ್ರತಿ ಸಿಗುತ್ತಿರಲಿಲ್ಲ; ಅವನ ಮಾತುಗಳೂ, ಪ್ರತಿ ಮಾತಿಗೆ ಮುಂಚೆ ಎದುರಿನವನು ಆಡುವ ಕೊನೆಯ ಕೆಲವು ಪದಗಳೂ ಇರುವ ಸುರುಳಿ ಮಾತ್ರ ಸಿಗುತ್ತಿತ್ತು. ಎಡ್ವರ್ಡ್ ಆಲಿನ್ ಎಂಬ ನಟನ ಅಂಥದೊಂದು ಸುರುಳಿ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಇಂದಿಗೂ ಇದೆ. ಎದುರಿನವನು ಏನು ಹೇಳುತ್ತಾನೆಂದು ಪೂರ್ತಿ ತಿಳಿಯದೆ ಕಿವಿಗೊಟ್ಟು ನಿಲ್ಲುವ ನಟನಿಗೂ, ವಾರಗಟ್ಟಲೆ ತಾಲೀಮು ಮಾಡಿ ಪ್ರತಿ ಚಲನೆಯನ್ನೂ ನಿಶ್ಚಯಿಸಿಕೊಂಡ ನಟನಿಗೂ ಇರುವ ಅಂತರ ಉಡುಪಿನ ಅಂತರಕ್ಕಿಂತ ದೊಡ್ಡದು ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಆಧುನಿಕ ದೀಪ, ಧ್ವನಿವರ್ಧಕ ಬಳಸಿದ್ದಕ್ಕಾಗಿ ಅಲ್ಲಿನ ಕಲಾ ನಿರ್ದೇಶಕಿ ಹುದ್ದೆ ಬಿಡಬೇಕಾಯಿತು ಎಂದು ಓದಿದೆ. ಹಳತಿಗೆ ಅಂಟಿಕೊಳ್ಳುವುದು ಕಲೆಗೆ ಬೇಲಿ ಹಾಕಿದಂತಲ್ಲವೇ?
— ಓದುಗರು, ಬೆಂಗಳೂರು

ಉತ್ತರ: 2016ರಲ್ಲಿ ಎಮ್ಮಾ ರೈಸ್ ಅಧಿಕಾರ ವಹಿಸಿಕೊಂಡು ರಂಗದೀಪಗಳನ್ನೂ ಧ್ವನಿವ್ಯವಸ್ಥೆಯನ್ನೂ ತಂದರು. ಅವರ ನಾಟಕಗಳಿಗೆ ಜನ ಚೆನ್ನಾಗಿಯೇ ಬಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಡಳಿತ ಮಂಡಳಿ, ನಟರೂ ಪ್ರೇಕ್ಷಕರೂ ಒಂದೇ ಬೆಳಕಿನಲ್ಲಿರುವ ಪದ್ಧತಿಗೆ ಮರಳುವುದಾಗಿಯೂ, ಅವರು 2018ರಲ್ಲಿ ನಿರ್ಗಮಿಸುವುದಾಗಿಯೂ ಪ್ರಕಟಿಸಿತು.

ರೈಸ್ ಪ್ರತಿಭಾವಂತ ನಿರ್ದೇಶಕಿ. ಅವರ ಕೆಲಸಕ್ಕೆ ಲಂಡನ್ನಿನಲ್ಲಿ ಸುಸಜ್ಜಿತ ರಂಗಮಂದಿರಗಳು ಹತ್ತಾರು ಇವೆ. ಒಂದೇ ಬೆಳಕಿನ ಪರಿಣಾಮವನ್ನು ಪರೀಕ್ಷಿಸಲೆಂದೇ ಕಟ್ಟಿದ ರಂಗಮಂದಿರಗಳು ಮಾತ್ರ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಹಗಲ ಬೆಳಕಿನಲ್ಲಿ ನಟನಿಗೆ ಎದುರಿನ ಮುಖಗಳು ಕಾಣುತ್ತವೆ. ಹ್ಯಾಮ್ಲೆಟ್ ತಾನು ಹೇಡಿಯೇ, ತನ್ನನ್ನು ನೀಚನೆಂದು ಕರೆಯುವವರು ಯಾರೆಂದು ಕೇಳುವಾಗ, ಕತ್ತಲೆಯ ಸಭಾಂಗಣದಲ್ಲಿ ಅದು ಸ್ವಗತ. ಗ್ಲೋಬಿನಲ್ಲಿ ಎದುರು ನಿಂತ ಒಬ್ಬ ಮನುಷ್ಯನಿಗೆ ಹಾಕಿದ ಪ್ರಶ್ನೆ, ಮತ್ತು ಆ ಮನುಷ್ಯ ಉತ್ತರಿಸಲೂಬಹುದು. ಇದು ಗ್ರಂಥಾಲಯದಲ್ಲಿ ಕುಳಿತು ತಿಳಿಯುವಂಥದಲ್ಲ. ಈ ಕಟ್ಟಡ ನಮಗೆ ಕಲಿಸಿದ ಪಾಠ. ಆದ್ದರಿಂದ ಮಂಡಳಿಯ ತತ್ತ್ವವನ್ನು ನಾನು ಒಪ್ಪುತ್ತೇನೆ. ಆದರೆ ಆ ತತ್ತ್ವವನ್ನು ನೇಮಕಕ್ಕೆ ಮುಂಚೆಯೇ ಸ್ಪಷ್ಟಪಡಿಸದೆ, ಒಬ್ಬ ಕಲಾವಿದೆಯನ್ನು ಕರೆತಂದು ಒಂದೇ ವರ್ಷದಲ್ಲಿ ಹೀಗೆ ನಡೆಸಿಕೊಂಡದ್ದನ್ನು ಒಪ್ಪಲಾರೆ.

ಪ್ರಶ್ನೆ: ಬರುವ ಬೇಸಿಗೆಯಲ್ಲಿ ಮಗಳ ಮನೆಗೆ ಲಂಡನ್ನಿಗೆ ಹೋಗಲಿದ್ದೇವೆ. ಗ್ಲೋಬಿನಲ್ಲಿ ನಾಟಕ ನೋಡುವುದಾದರೆ ಕುಳಿತು ನೋಡುವುದು ಮೇಲೋ, ಅಂಗಳದಲ್ಲಿ ನಿಂತು ನೋಡುವುದು ಮೇಲೋ?
— ಓದುಗರು, ಶಿವಮೊಗ್ಗ

ಉತ್ತರ: ಆರೋಗ್ಯ ಒಪ್ಪುವುದಾದರೆ ಅಂಗಳದಲ್ಲಿ ನಿಂತೇ ನೋಡಿ, ಟಿಕೆಟ್ಟಿನ ಬೆಲೆಯೂ ಅಲ್ಲಿಯೇ ಅತಿ ಕಡಿಮೆ. ಮಧ್ಯಾಹ್ನದ ಪ್ರದರ್ಶನವನ್ನೇ ಆರಿಸಿಕೊಳ್ಳಿ, ಏಕೆಂದರೆ ರಾತ್ರಿಯಲ್ಲಿ ಹಗಲನ್ನು ಹೋಲುವಂತೆ ದೊಡ್ಡ ದೀಪಗಳನ್ನು ಹಾಕಿದರೂ ಅದು ಹಗಲಾಗುವುದಿಲ್ಲ. ಅಂಗಳದಲ್ಲಿ ಕುಳಿತುಕೊಳ್ಳಲು ಬಿಡುವುದಿಲ್ಲ. ನೆತ್ತಿಯ ಮೇಲೆ ಚಾವಣಿ ಇಲ್ಲ, ಕೊಡೆ ಬಿಚ್ಚುವಂತೆಯೂ ಇಲ್ಲ. ಹಿಂದೆ ನಿಂತವರಿಗೆ ಅದು ಅಡ್ಡವಾಗುತ್ತದೆ. ಬೇಸಿಗೆಯೆಂದು ನಂಬಿ ಹೋಗದೆ, ಟೋಪಿ ಇರುವ ಮಳೆಯಂಗಿಯನ್ನು ಚೀಲದಲ್ಲಿ ಇಟ್ಟುಕೊಳ್ಳಿ.