ಚಿತ್ರ ಮುಗಿಯಿತು ಅಂತ ಯಾವಾಗ ಅನ್ನೋದು?

ಪ್ರಶ್ನೆ: ನಾನು ಕಲಬುರಗಿಯವಳು. ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ನಮ್ಮೂರಿನ ಹಫ್ತ್ ಗುಂಬಜ್ (ಬಹಮನಿ ಸುಲ್ತಾನರ ಕಾಲದ ಗುಮ್ಮಟದ ಗೋರಿಗಳು) ಚಿತ್ರ ಮೊದಲ ದಿನ ಚೆನ್ನಾಗಿಯೇ ಬಂದಿತ್ತು. ಆಮೇಲೆ ತಿದ್ದಿ ತಿದ್ದಿ ಗುಮ್ಮಟವೆಲ್ಲ ಕೆಸರಾಯಿತು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗೋದು ಹೇಗೆ ಸರ್?

ಉತ್ತರ: ಮೊದಲು ಆ ಕೆಸರಿನ ವಿಷಯ ನೋಡೋಣ. ಜಲವರ್ಣ ಹಸಿ ಇದ್ದಾಗ ಗಾಢ, ಒಣಗಿದ ಮೇಲೆ ಪೇಲವ. ಹಾಗಾಗಿ ಇನ್ನೊಂದು ಕೈ ಹಚ್ಚೋಣ ಅನಿಸುತ್ತದೆ. ಕೆಳಗಿನ ಪದರ ಅರ್ಧಂಬರ್ಧ ಒಣಗಿದ್ದರೆ ಅದು ಎದ್ದು ಬಂದು ಹೊಸ ಬಣ್ಣದ ಜೊತೆ ಕಲಸಿಹೋಗುತ್ತದೆ. ನೀಲಿ ನೆರಳಿನ ಮೇಲೆ ಕಂದು, ಅದರ ಮೇಲೆ ಮತ್ತೆ ನೀಲಿ, ಕೊನೆಗೆ ಸಿಕ್ಕಿದ್ದು ಬರೀ ಬೂದಿ ಬಣ್ಣ. ನಮ್ಮ ಕಡೆ ಮೇ ತಿಂಗಳಲ್ಲಂತೂ ಬಣ್ಣ ನೋಡನೋಡುತ್ತಲೇ ಅಂಚುಗಟ್ಟಿ ಒಣಗುತ್ತದೆ. ಆ ಅಂಚು ಇದ್ದರೆ ಇರಲಿ ಬಿಡಿ. ಅದನ್ನು ಅಳಿಸಲು ಹೋಗಿಯೇ ಎಷ್ಟೋ ಜನ ಚಿತ್ರ ಕೆಡಿಸಿಕೊಳ್ಳುತ್ತಾರೆ.

ಇನ್ನು ನಿಲ್ಲಿಸುವ ಮಾತು. ಎಲ್ಲ ಕಡೆ ತುಂಬಿದರೇನೇ ಮುಗಿದಂತೆ ಅಂದುಕೊಂಡಿದ್ದೀರಿ ಅನಿಸುತ್ತದೆ. ಕೆಲವು ಚಿತ್ರಕ್ಕೆ ಅದು ಸರಿಯೇ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗೋರಿಯೊಳಗೆ ಹೋಗಿ ತಲೆ ಎತ್ತಿ ನೋಡಿ. 15ನೇ ಶತಮಾನದ ಕೆಲಸ, ಬಳ್ಳಿ, ಹೂವು, ಅಕ್ಷರ, ಬಂಗಾರದ ಬಣ್ಣ. ಅಲ್ಲಿ ಜಾಗ ಖಾಲಿ ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ. ನಿಮ್ಮದು ಆ ಜಾತಿಯ ಚಿತ್ರ ಅಲ್ಲ. ನೀವು ಹಫ್ತ್ ಗುಂಬಜ್ ಮುಂದೆ ಕೂತದ್ದು ಯಾಕೆ? ಸಂಜೆ ಬಿಸಿಲು ಗುಮ್ಮಟದ ಒಂದು ಮಗ್ಗುಲಿಗೆ ಬಿದ್ದದ್ದು ಇಷ್ಟವಾಗಿ ಅಂದರೆ, ಆ ಬಿಸಿಲು ಕಾಗದದ ಮೇಲೆ ಬಂದಾಗಲೇ ಕೆಲಸ ಮುಗಿಯಿತು. ಜಲವರ್ಣದಲ್ಲಿ ಬಿಸಿಲು ಅಂದರೆ ಬಣ್ಣ ತಾಗದೆ ಉಳಿದ ಕಾಗದದ ಬಿಳಿ, ಅಲ್ವಾ? ಅದನ್ನೇ ಮುಚ್ಚಿದರೆ ಕಮಾನಿನ ಒಂದೊಂದು ಕಲ್ಲು ಬರೆದೂ ಏನು ಬಂತು!

ನಾನು ಮಕ್ಕಳಿಗೆ ಹೇಳೋದು ಇಷ್ಟೇ: ಬ್ರಷ್ ಎತ್ತುವ ಮೊದಲು ಏನು ಸರಿ ಮಾಡ್ತೀರಿ ಅಂತ ಬಾಯಿಬಿಟ್ಟು ಹೇಳಿ. ‘ಎಡಗಡೆ ಗುಮ್ಮಟದ ನೆರಳು ಸಾಲದು’ ಅಂದರೆ ಕೆಲಸ ಬಾಕಿ ಇದೆ, ಮಾಡಿ. ‘ಏನೋ ಒಂಥರಾ ಕಾಣ್ತದೆ’ ಅಂದರೆ ಬ್ರಷ್ ತೊಳೆದಿಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿಯೂ ನೋಡಬಹುದು. ನೆರಳು-ಬೆಳಕಿನ ಕೊರತೆ ಅದರಲ್ಲಿ ಥಟ್ಟನೆ ಸಿಗುತ್ತದೆ. ತಿದ್ದುವ ಚಪಲ ಮಾತ್ರ ಹೋಗುವಂಥದ್ದಲ್ಲ. ಫ್ರಾನ್ಸಿನ ಚಿತ್ರಕಾರ ಪಿಯರ್ ಬೊನಾರ್, ಮ್ಯೂಸಿಯಂನಲ್ಲಿ ತೂಗುಹಾಕಿದ್ದ ತಮ್ಮದೇ ಚಿತ್ರವನ್ನು ಕದ್ದುಮುಚ್ಚಿ ತಿದ್ದುತ್ತಿದ್ದರಂತೆ!

ಕೆಟ್ಟ ಗುಮ್ಮಟವನ್ನು ಸ್ವಲ್ಪ ಉಳಿಸಿಕೊಳ್ಳಬಹುದು. ಪೂರ್ತಿ ಒಣಗಿದ ಮೇಲೆ ಒದ್ದೆ ಬ್ರಷ್‌ನಿಂದ ಮೆಲ್ಲಗೆ ಸವರಿ, ಟಿಶ್ಯೂ ಒತ್ತಿ ಬಣ್ಣ ಎತ್ತಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವಾದರೆ ತಡೆಯುತ್ತದೆ. ಮಾಮೂಲಿ ಡ್ರಾಯಿಂಗ್ ಶೀಟ್ ಆದರೆ ನಾರು ಎದ್ದುಬಿಡುತ್ತದೆ, ಸುಮ್ನೆ ಇನ್ನೊಂದು ಶೀಟ್ ತಗೊಳ್ಳಿ.